ಗೊಟಗೋಡಿಯಲ್ಲಿ ಸಂಜೆಯಾದಾಗ

ಶಿಗ್ಗಾಂವಿಯಿಂದ ಗೊಟಗೋಡಿಗೆ ಹೋಗುವ ಬಸ್ಸಿನಲ್ಲಿ ಅವ್ವನಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ನನಗೆ ದುಡ್ಡಿನ ಟಿಕೆಟ್. ಕಣ್ಣಿನ ತೊಂದರೆ ಇದ್ದವರು ಪಾಸ್ ಮಾಡಿಸಿಕೊಳ್ಳಬಹುದು. ನನ್ನ ಹತ್ತಿರ ಯುಡಿಐಡಿ ಕಾರ್ಡೂ ಇದೆ. ಆದರೆ ಅವ್ವನ ಲೆಕ್ಕವೇ ಬೇರೆ. "ಬ್ಯಾಡಪಾ, ಕಂಡಕ್ಟರ್ ನಮ್ಮ ಕಡ್ಯಾವ ಇದ್ದಾ ಅಂದ್ರ ಸಂಜೀ ಅನ್ನೂದ್ರಾಗ ಊರಿಗೆಲ್ಲ ಗೊತ್ತಾಕ್ಕೈತಿ" ಅನ್ನುತ್ತಾಳೆ. ಹೀಗೆ ನನ್ನ ಕಣ್ಣಿನ ಗುಟ್ಟು ಕಾಯಲು ನಮ್ಮ ಮನೆಯವರು ಎಷ್ಟೋ ವರ್ಷಗಳಿಂದ ಬಸ್ ಚಾರ್ಜು ಕೊಡುತ್ತಾ ಬಂದಿದ್ದಾರೆ.

ಅದು ಫೆಬ್ರವರಿಯ ಕೊನೆಯ ಭಾನುವಾರ. ನನ್ನ ತಂಗಿ ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಾಳೆ. ಅವಳಿಗೆ ರೊಟ್ಟಿ, ಶೇಂಗಾ ಚಟ್ನಿ, ಸವಣೂರು ಖಾರ ಕೊಟ್ಟು, ಹಾಗೇ ರಾಕ್ ಗಾರ್ಡನ್ ನೋಡಿಕೊಂಡು ಬರುವುದು ನಮ್ಮ ಯೋಜನೆ. ಅವ್ವನ ಬುತ್ತಿಯಲ್ಲಿ ಇನ್ನೊಂದು ವಿಷಯವೂ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಗೊಟಗೋಡಿ ಶಿಗ್ಗಾಂವಿ ತಾಲ್ಲೂಕಿನ ಸಣ್ಣ ಹಳ್ಳಿ. ಪುಣೆ-ಬೆಂಗಳೂರು ಹೆದ್ದಾರಿಗೆ ಈಗ 48ನೇ ನಂಬರು ಬಂದಿದ್ದರೂ ನಮ್ಮ ಹಿರಿಯರ ಬಾಯಲ್ಲಿ ಅದು ಇವತ್ತಿಗೂ ಪಿ.ಬಿ. ರೋಡ್. ಆ ಹೆದ್ದಾರಿಯ ಮಗ್ಗುಲಿಗೇ ಈ ಊರು. ಕನಕದಾಸರ ಬಾಡ, ಶರೀಫಜ್ಜನ ಶಿಶುನಾಳ, ಬಂಕಾಪುರದ ಕೋಟೆ, ಅಲ್ಲಿನ ನವಿಲು ಎಲ್ಲವೂ ಇದೇ ತಾಲ್ಲೂಕಿನವು. ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ 2011ರಲ್ಲಿ ಗೊಟಗೋಡಿಗೆ ಬಂತು. ಆದರೆ ಹೊರಗಿನ ಮಂದಿಗೆ ಊರಿನ ಹೆಸರು ಗೊತ್ತಾದದ್ದು ಉತ್ಸವ್ ರಾಕ್ ಗಾರ್ಡನ್‌ನಿಂದ. ದೊಡ್ಡಾಟದಲ್ಲೂ ಹೆಸರು ಮಾಡಿದ್ದ ಕಲಾವಿದ ಟಿ.ಬಿ. ಸೊಲಬಕ್ಕನವರ ಅದನ್ನು ಕಟ್ಟಿದವರು. 2020ರಲ್ಲಿ ಅವರು ತೀರಿಕೊಂಡರು. ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಮನುಷ್ಯರಷ್ಟೇ ಎತ್ತರದ ಮೂರ್ತಿಗಳಲ್ಲಿ ಅವರು ನಿಲ್ಲಿಸಿದ್ದಾರೆ. ಎತ್ತು, ಎಮ್ಮೆ, ಕಮ್ಮಾರ, ಬಡಿಗ, ಕಟ್ಟೆಯ ಮೇಲೆ ಕೂತ ಹಿರಿಯರು, ಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಅಲ್ಲಿದ್ದಾರೆ.

ಒಳಗೆ ಕಾಲಿಟ್ಟು ಹತ್ತು ಹೆಜ್ಜೆ ನಡೆದಿರಲಿಲ್ಲ, ಯಾರದೋ ಭುಜಕ್ಕೆ ಬಡಿದೆ. ಅಭ್ಯಾಸಬಲದಿಂದ "ಸಾರಿ ರೀ ಕಾಕಾ" ಅಂದೆ. ಕಾಕಾ ಮಾತಾಡಲಿಲ್ಲ. ಮುಖ ತಿರುಗಿಸಿ ನೋಡಿದರೆ ಮೊದಲು ಮೀಸೆ ಕಂಡಿತು, ಆಮೇಲೆ ರುಮಾಲು, ಆಮೇಲೆ ಎವೆಯಿಕ್ಕದ ಕಣ್ಣು. ತಂಗಿ ಬಿದ್ದು ಬಿದ್ದು ನಕ್ಕಳು. ನನಗೆ ನಾಚಿಕೆಯಾಗುವ ಹೊತ್ತಿಗೆ ಪಕ್ಕದಲ್ಲೇ ಕೂಲಿಂಗ್ ಗ್ಲಾಸ್ ಹಾಕಿದ್ದ ಒಬ್ಬ ಹುಬ್ಬಳ್ಳಿಯವರು ಕಟ್ಟೆಯ ಮೇಲೆ ಕೂತ ಅಜ್ಜನಿಗೆ, "ಯಜಮಾನ್ರ, ಸ್ವಲ್ಪ ಸರೀರಿ, ಫೋಟೋ ತಗೀಬೇಕು" ಅಂದರು. ಅಜ್ಜ ಸರಿಯಲಿಲ್ಲ. ನನಗೆ ಆ ಜಾಗ ಅಲ್ಲೇ ಹಿಡಿಸಿಬಿಟ್ಟಿತು. ಕಣ್ಣು ಚೆನ್ನಾಗಿರುವವರೂ ಅಲ್ಲಿ ಹತ್ತು ನಿಮಿಷಕ್ಕೊಮ್ಮೆ ಮೋಸ ಹೋಗುತ್ತಿದ್ದರು.

ನನ್ನ ಕಣ್ಣಿನ ಕಾಯಿಲೆಯ ಹೆಸರು ರೆಟಿನೈಟಿಸ್ ಪಿಗ್ಮೆಂಟೋಸಾ. ಕಣ್ಣಿನ ಹಿಂಭಾಗದ ಪರದೆಯಲ್ಲಿ ಎರಡು ಬಗೆಯ ಕೋಶಗಳಿರುತ್ತವೆ. ಒಂದು ಜಾತಿ ಮಸುಕು ಬೆಳಕಿಗೆ, ಇನ್ನೊಂದು ಹಗಲಿಗೆ ಮತ್ತು ಬಣ್ಣಕ್ಕೆ. ಈ ರೋಗದಲ್ಲಿ ಸಾಮಾನ್ಯವಾಗಿ ಮಸುಕು ಬೆಳಕಿನ ಕೋಶಗಳು ಮೊದಲು ಸಾಯುತ್ತವೆ. ಮೊದಲು ರಾತ್ರಿ ಕಾಣದಾಗುತ್ತದೆ, ನಂತರ ಅಕ್ಕಪಕ್ಕದ್ದು ಕಾಣದಾಗುತ್ತದೆ. ಕೊನೆಗೆ ಕೊಳವೆಯೊಳಗಿಂದ ನೋಡಿದಂತೆ ನಡುವಿನದಷ್ಟೇ ಉಳಿಯುತ್ತದೆ. ಜಗತ್ತಿನಲ್ಲಿ ಸುಮಾರು 4000 ಜನರಿಗೊಬ್ಬರಿಗೆ ಇದಿದೆ ಎನ್ನುತ್ತಾರೆ. ನಾನು ಮೊಬೈಲ್ ಓದಬಲ್ಲೆ, ಸೂಜಿಗೆ ದಾರ ಪೋಣಿಸಬಲ್ಲೆ, ಆದರೆ ಕಾಲಬುಡದ ಕೊಡ ಎಡವುತ್ತೇನೆ. "ಮೊಬೈಲ್ ನೋಡ್ತಾನ, ಇವ ಎಂಥಾ ಕುರುಡ?" ಎಂದು ಕೇಳುವವರಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಅವರ ಬಸ್ ಬಂದಿರುತ್ತದೆ.

ಸಣ್ಣವನಿದ್ದಾಗ ಕತ್ತಲಲ್ಲಿ ಬೀಳುತ್ತಿದ್ದೆ. ಎಲ್ಲರೂ ಇರುಳುಗುರುಡು ಅಂದರು. ಅವ್ವ ವರ್ಷಗಟ್ಟಲೆ ಗಜ್ಜರಿ, ನುಗ್ಗೆಸೊಪ್ಪು ತಿನ್ನಿಸಿದಳು. ಎ ಜೀವಸತ್ವದ ಕೊರತೆಯಾಗಿದ್ದರೆ ವಾಸಿಯಾಗುತ್ತಿತ್ತು. ಪಿಯುಸಿಯಲ್ಲಿದ್ದಾಗ ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ಒಳಗೆಲ್ಲ ನೋಡಿ, "ತಾಯಿ ತಂದಿ ಸಂಬಂಧದಾಗ ಏನ್ರಿ?" ಎಂದು ಕೇಳಿದರು. ಹೌದು, ಅಪ್ಪ ಅವ್ವನ ಸೋದರಮಾವ. ಇದು ವಂಶದಲ್ಲಿ ಬರುವ ಕಾಯಿಲೆ, ತಂದೆ ತಾಯಿ ಇಬ್ಬರಲ್ಲೂ ದೋಷ ಮರೆಯಾಗಿದ್ದು ಮಗುವಿನಲ್ಲಿ ಹೊರಬೀಳಬಹುದು, ರಕ್ತಸಂಬಂಧದಲ್ಲಿ ಮದುವೆಯಾದರೆ ಆ ಸಾಧ್ಯತೆ ಹೆಚ್ಚು ಎಂದು ಅವರು ಹೇಳಿದರು. ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ಮನೆಯ ಹೊಸ್ತಿಲಲ್ಲಿ ನಿಂತು, "ಯಾರ ಮುಂದೂ ಹೇಳಬ್ಯಾಡ್ರಿ. ಹುಡಿಗಿ ಲಗ್ನ ಆಗಬೇಕು" ಅಂದರು. ತಂಗಿಗೆ ಆಗ ಹನ್ನೆರಡು ವರ್ಷ.

ರಾಕ್ ಗಾರ್ಡನ್‌ನಲ್ಲಿ ನಾನು ನೋಡುವ ರೀತಿ ನೋಡಿದರೆ ನಿಮಗೆ ನಗು ಬರುತ್ತದೆ. ಎತ್ತಿನ ಮುಂದೆ ನಿಂತರೆ ಒಂದು ಕೊಂಬು ಕಾಣುತ್ತದೆ. ಕತ್ತು ಇಳಿಸಿದರೆ ಕಣ್ಣು, ಇನ್ನೂ ಇಳಿಸಿದರೆ ಗಂಗೆದೊಗಲು. ಹೆಗಲ ಕಡೆ ಹೊರಳಿದರೆ ನೊಗ. ಅದರ ಆಚೆ ಇನ್ನೊಂದು ಎತ್ತು ಇದೆಯೆಂದು ತಿಳಿಯಬೇಕಾದರೆ ನೊಗದ ಗುಂಟ ಕಣ್ಣು ಓಡಿಸುತ್ತಾ ಹೋಗಬೇಕು. ಹೀಗೆ ಜೋಡಿಸಿಕೊಂಡು ಒಂದು ಜೋಡಿ ಎತ್ತು ಪೂರ್ತಿ ಮಾಡುವಷ್ಟರಲ್ಲಿ ಉಳಿದವರು ನಾಲ್ಕು ಕಡೆ ಸೆಲ್ಫಿ ಮುಗಿಸಿರುತ್ತಾರೆ. ಆದರೆ ಸಿಮೆಂಟಿನ ಎತ್ತು ಕಾಯುತ್ತದೆ, ಅದೊಂದು ಉಪಕಾರ. ನಿಜವಾದ ಸಂತೆಯಲ್ಲಿ ಯಾವುದೂ ಕಾಯುವುದಿಲ್ಲ.

ಒಂದು ಕಡೆ ನಾನು ಕೈಯಿಟ್ಟು ಸವರತೊಡಗಿದೆ. ಅವ್ವ ಹೆದರಿ, "ಮುಟ್ಟಬ್ಯಾಡೋ, ಬೈದಾರು" ಅಂದಳು. ಅಲ್ಲೇ ಕಸ ಗುಡಿಸುತ್ತಿದ್ದ ಹೆಣ್ಣುಮಗಳೊಬ್ಬಳು ನನ್ನ ಮುಖ ನೋಡಿದಳು, ಕೈ ನೋಡಿದಳು. "ಮುಟ್ಲಿ ಬಿಡ್ರಿ ಯಕ್ಕಾ, ಮುರ್ಯೂ ಹಂಗ ಏನ್ ಮುಟ್ಟವಲ್ಲ" ಅಂದು ಗುಡಿಸುತ್ತಾ ಹೋದಳು. ಅವಳಿಗೆ ನಾವು ಏನೂ ಹೇಳಿರಲಿಲ್ಲ.

ಊಟಕ್ಕೆ ನೆರಳಿನಲ್ಲಿ ಕೂತೆವು. ಅವ್ವ ಬುತ್ತಿಯ ಜೊತೆ ತಂದಿದ್ದ ವಿಷಯ ಬಿಚ್ಚಿದ್ದು ಆಗ. "ಮಾಮಾನ ಮಗಾ ಇಂಜಿನಿಯರಿಂಗ್ ಮುಗಿಸ್ಯಾನ. ಈ ವರ್ಷ ಮಾಡೇಬಿಡೂಣು ಅಂತಾನ ಮಾಮಾ. ಮನಿಯೊಳಗಿನ ಹುಡುಗ, ನೀ ಏನಂತಿ?"

ತಂಗಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಮಾಮಾಗ ಅಣ್ಣನ ಕಣ್ಣಿಂದು ಹೇಳೀಯೇನವ್ವಾ?"

"ಅದನ್ಯಾಕ ಹೇಳೂದು? ಹೇಳಿದ್ರ ನಿನ್ನ ಯಾರು ಮಾಡ್ಕೊಂತಾರ?"

"ಹೊರಗಿನವ್ರಿಗೆ ಹೇಳಿದ್ರೂ ಆತು ಬಿಟ್ರೂ ಆತು. ಮಾಮಾಗ ಹೇಳಾಕ ಬೇಕು. ಡಾಕ್ಟರ್ ಏನಂದಿದ್ರು ಮರತೀಯೇನು? ನನಗ ಕಣ್ಣು ಕಾಣ್ತಾವು ಖರೆ, ಆದ್ರ ಆ ದೋಷ ನನ್ನೊಳಗ ಇದ್ರ? ಮಾಮಾನ ಮಗನೊಳಗೂ ಇದ್ರ?"

ಅವ್ವ ಸಿಟ್ಟಿಗೆದ್ದಳು. "ನನಗ ಬುದ್ಧಿ ಹೇಳಾಕ ಓದ್ಸಾಕತ್ತೀವೇನ ನಿನ್ನ?" ಅಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಗ ನಾನು, ಎರಡು ವರ್ಷದಿಂದ ಹೇಳಬೇಕೆಂದುಕೊಂಡು ಹೇಳದೇ ಉಳಿದಿದ್ದನ್ನು ಹೇಳಿದೆ. ಖಾರ್ಕಿವ್‌ನಲ್ಲಿ ಏನಾಯಿತೆಂದು ಅವ್ವನಿಗೆ ಗೊತ್ತಿದ್ದದ್ದು ಟಿ.ವಿ.ಯಲ್ಲಿ ಬಂದಷ್ಟು, ಮತ್ತೆ ಫೋನಿನಲ್ಲಿ ನಾನು ದಿನಾ ಹೇಳುತ್ತಿದ್ದ "ಆರಾಮ್ ಅದೀನಿ" ಅನ್ನುವಷ್ಟು.

ನಾನು ಅಲ್ಲಿ ವೈದ್ಯಕೀಯ ಓದಲು ಹೋಗಿದ್ದೆ. ಹಗಲು ಹೇಗೋ ನಡೆಯುತ್ತಿತ್ತು. ಊರಿನ ಬೀದಿಗಳಲ್ಲಿ ದೀಪ ಚೆನ್ನಾಗಿರುತ್ತಿದ್ದರಿಂದ ರಾತ್ರಿಯೂ ಹೇಗೋ ನಡೆಯುತ್ತಿತ್ತು. ಗೆಳೆಯರಿಗೆ ಹೇಳಿರಲಿಲ್ಲ. 2022ರ ಫೆಬ್ರವರಿ 24, ಗುರುವಾರ, ಬೆಳಗಾಗುವ ಮುಂಚೆ ಸಿಡಿತ ಶುರುವಾಯಿತು. ಖಾರ್ಕಿವ್‌ನಿಂದ ರಷ್ಯಾದ ಗಡಿ ಸುಮಾರು 40 ಕಿಲೋಮೀಟರು ಅಷ್ಟೆ. ನಮ್ಮನ್ನು ಹಾಸ್ಟೆಲಿನ ನೆಲಮಾಳಿಗೆಗೆ ಇಳಿಸಿದರು. ನಮ್ಮ ಚಾನೆಲ್‌ಗಳು ಬಂಕರ್ ಬಂಕರ್ ಅಂದದ್ದು ಇಂಥವಕ್ಕೇ. ರಾತ್ರಿ ದೀಪ ಹಚ್ಚಬಾರದು. ಮೊಬೈಲ್ ಚಾರ್ಜು ಉಳಿಸಬೇಕು, ಟಾರ್ಚ್ ಬೇಡ.

ಎಲ್ಲರಿಗೂ ಹತ್ತು ನಿಮಿಷ ಕಳೆದ ಮೇಲೆ ಕತ್ತಲು ಒಗ್ಗುತ್ತದೆ. ಯಾರು ಎಲ್ಲಿ ಮಲಗಿದ್ದಾರೆ, ನೀರಿನ ಬಾಟಲಿ ಎಲ್ಲಿದೆ ಅನ್ನುವಷ್ಟು ಕಾಣುತ್ತದೆ. ನನಗೆ ಹತ್ತು ನಿಮಿಷವಾದರೂ ಅದೇ, ಹತ್ತು ತಾಸಾದರೂ ಅದೇ. ಶೌಚಾಲಯ ಮೇಲಿತ್ತು. ಹದಿನಾಲ್ಕು ಮೆಟ್ಟಿಲು, ಎಡಗೈಗೆ ಬಿಸಿನೀರಿನ ಪೈಪು, ಅದು ಮುಗಿದಲ್ಲಿ ಬಲಕ್ಕೆ ತಿರುಗಬೇಕು ಎಂದು ಹಗಲು ಹೊತ್ತಿನಲ್ಲಿ ಎಣಿಸಿ ಇಟ್ಟುಕೊಂಡಿದ್ದೆ. ಹೊಸಬರು ಬಂದು ಮೆಟ್ಟಿಲ ಮೇಲೆ ಬ್ಯಾಗ್ ಇಟ್ಟ ದಿನ ಆ ಲೆಕ್ಕವೂ ಹೋಯಿತು. ಕಣ್ಣು ಕಾಣದವರು ದಾರಿಯನ್ನು ನೆನಪಿನಲ್ಲಿ ಕಟ್ಟಿಕೊಂಡಿರುತ್ತಾರೆ. ಯುದ್ಧ ಮೊದಲು ಕೆಡವುವುದು ಅದನ್ನೇ. ನಿನ್ನೆ ಇದ್ದ ಗೋಡೆ ಇವತ್ತು ಇರುವುದಿಲ್ಲ, ನೆಲದ ತುಂಬ ಗಾಜು. ಕಿವಿಯನ್ನಾದರೂ ನಂಬೋಣವೆಂದರೆ ಸಿಡಿದ ಸದ್ದಿಗೆ ಅದೂ ಗುಂಯ್‌ಗುಡುತ್ತಿರುತ್ತದೆ. ಸೈರನ್ ಆದಾಗ ಓಡಿ ಅನ್ನುತ್ತಾರೆ. ಎತ್ತ?

ಹಗಲು ಕರ್ಫ್ಯೂ ಸಡಿಲಿದಾಗ ಒಬ್ಬೊಬ್ಬರು ಸರದಿಯ ಮೇಲೆ ನೀರು, ಬ್ರೆಡ್ಡು ತರಲು ಹೋಗಬೇಕಿತ್ತು. ಹೊತ್ತು ಮುಳುಗಿದ ಮೇಲೆ ವಾಪಸ್ಸಾಗಬೇಕಾದರೆ ಏನು ಗತಿ ಎಂದು ನಾನು ಹೋಗುತ್ತಿರಲಿಲ್ಲ. "ನನಗ ಭಯ ಆಗ್ತೈತಿ, ನೀವ ಹೋಗ್ರಿ" ಅಂದೆ. ಹೇಡಿ ಅನ್ನಿಸಿಕೊಂಡರೂ ಚಿಂತೆಯಿಲ್ಲ, ಕುರುಡ ಅನ್ನಿಸಿಕೊಳ್ಳಬಾರದು ಎಂಬ ಲೆಕ್ಕ. ನನ್ನ ಪಾಲಿನ ಸರದಿಯಲ್ಲಿ ನಿಂತವರು ಬೇರೆಯವರು.

ಮಾರ್ಚ್ 1ರಂದು ಸುದ್ದಿ ಬಂತು. ದಿನಸಿ ತರಲು ಸಾಲಿನಲ್ಲಿ ನಿಂತಿದ್ದ ವಿದ್ಯಾರ್ಥಿ ನವೀನ್ ಶೇಖರಪ್ಪ ಗ್ಯಾನಗೌಡರ್ ದಾಳಿಯಲ್ಲಿ ತೀರಿಕೊಂಡ. ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯವ, ನಮ್ಮದೇ ಜಿಲ್ಲೆ. ಪರಿಚಯವಿರಲಿಲ್ಲ. ನಾನು ನೆಲಮಾಳಿಗೆಯ ಮೂಲೆಯಲ್ಲಿ ಕೂತು ನನಗಾಗಿ ಸಾಲಿನಲ್ಲಿ ನಿಂತವರ ಮುಖಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಅವತ್ತು ನಮ್ಮವರೆಲ್ಲ ವಾಪಸ್ ಬಂದಿದ್ದರು. ನವೀನನ ದೇಹ ಊರಿಗೆ ಬಂದದ್ದು ಮಾರ್ಚ್ 21ಕ್ಕೆ. ಮನೆಯವರು ಅದನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಗೊಟಗೋಡಿಯ ಮುಂದೆ ಹಾಯುವ ಇದೇ ಪಿ.ಬಿ. ರೋಡ್ ಹಿಡಿದು ಹಾವೇರಿ ದಾಟಿ ಹೋದರೆ ಚಳಗೇರಿ ಬರುತ್ತದೆ. ಆ ಕಡೆ ಹೋಗುವ ಬಸ್ಸಿನಲ್ಲಿ ಕೂತಾಗಲೆಲ್ಲ ನಾನು ಕಿಟಕಿ ಪಕ್ಕ ಕೂರುವುದಿಲ್ಲ.

ಮಾರ್ಚ್ 2ರಂದು ರಾಯಭಾರ ಕಚೇರಿಯಿಂದ ಸೂಚನೆ ಬಂತು: ಖಾರ್ಕಿವ್ ಕೂಡಲೇ ಬಿಡಿ, ವಾಹನ ಸಿಗದಿದ್ದರೆ ನಡೆದೇ ಹೊರಡಿ, ಸಂಜೆ ಆರರೊಳಗೆ ಪೆಸೊಚಿನ್, ಬಬಾಯ್ ಇಲ್ಲವೇ ಬೆಜ್ಲಿಯುಡೊವ್ಕಾ ಸೇರಿಕೊಳ್ಳಿ. ಹತ್ತಿರದ್ದು ಪೆಸೊಚಿನ್, 11 ಕಿಲೋಮೀಟರು. ನೂರಾರು ಹುಡುಗ ಹುಡುಗಿಯರು ಬ್ಯಾಗ್ ಹೊತ್ತು ಹಿಮದಲ್ಲಿ ನಡೆದೆವು. ಆರು ಗಂಟೆಯ ಗಡುವು ಎಲ್ಲರಿಗೂ ಆರು ಗಂಟೆ. ನನಗೆ ಅದು ಐದೂಕಾಲು. ಮಾರ್ಚ್ ಮೊದಲ ವಾರ ಅಲ್ಲಿ ಸೂರ್ಯ ಮುಳುಗುವುದು ಆ ಹೊತ್ತಿಗೇ.

ಬೆಳಕು ಬೂದಿಯಾಗುತ್ತಿದ್ದಂತೆ ಎಡವತೊಡಗಿದೆ. ಒಮ್ಮೆ ಬಿದ್ದೆ, ಎರಡನೇ ಸಲ ಬಿದ್ದೆ. ಮೂರನೇ ಸಲ ಬಿದ್ದಾಗ ಬಿಜಾಪುರ ಕಡೆಯ ಗೆಳೆಯ ನಿಂತುಬಿಟ್ಟ. "ಏನಾಗೇತಲೇ ನಿನಗ? ಖರೆ ಹೇಳು" ಅಂದ.

"ಕತ್ತಲಾದ್ರ ನನಗ ಏನೂ ಕಾಣಂಗಿಲ್ಲ. ಸಣ್ಣಾವ ಇದ್ದಾಗಿಂದ."

ಅವನು ಬೈದದ್ದನ್ನು ಪತ್ರಿಕೆಯಲ್ಲಿ ಬರೆಯುವ ಹಾಗಿಲ್ಲ. ಮೊದಲೇ ಹೇಳಿದ್ದರೆ ಹಗಲಿರುವಾಗಲೇ ನನ್ನನ್ನು ಮುಂದಿನ ಗುಂಪಿನಲ್ಲಿ ಕಳಿಸುತ್ತಿದ್ದರು, ಬಂಕರಿನಲ್ಲಿ ಮೆಟ್ಟಿಲ ಹತ್ತಿರ ಜಾಗ ಕೊಡುತ್ತಿದ್ದರು. ನನ್ನಿಂದ ಈಗ ಅವನೂ ಹಿಂದೆ ಬಿದ್ದಿದ್ದ. ಮಫ್ಲರ್ ಬಿಚ್ಚಿ ಒಂದು ತುದಿ ತನ್ನ ಬ್ಯಾಗಿಗೆ ಗಂಟು ಹಾಕಿದ, ಇನ್ನೊಂದು ತುದಿ ನನ್ನ ಕೈಗೆ ಕೊಟ್ಟ. "ಗುಂಡಿ, ಏರು, ಕಲ್ಲು" ಎಂದು ಹೇಳುತ್ತಾ ಉಳಿದ ದಾರಿ ನಡೆಸಿದ. ಅಲ್ಲಿಂದ ಮುಂದೆ ಬಸ್ಸು, ಗಡಿ, ವಿಮಾನ. ಆಪರೇಷನ್ ಗಂಗಾ ಸಮಯದಲ್ಲಿ ಸುಮಾರು 22,500 ಭಾರತೀಯರು ಯುಕ್ರೇನ್ ಬಿಟ್ಟು ಬಂದರು, ಅದರಲ್ಲಿ ನಾನೊಬ್ಬ.

ಅವ್ವ ಎಲ್ಲ ಕೇಳಿದಳು. ಅಳಲಿಲ್ಲ. "ಆ ಹುಡುಗ ಈಗ ಎಲ್ಲ್ಯದಾನ?" ಅಂದಳು.

"ಬಿಜಾಪುರದಾಗ."

"ಒಂದಿನ ಮನಿಗೆ ಕರಕೊಂಡು ಬಾ. ಹೋಳಿಗಿ ಮಾಡ್ತೀನಿ."

ಮಾಮಾನ ಮಗನ ಮಾತು ಆ ದಿನ ಮತ್ತೆ ಬರಲಿಲ್ಲ. ಆಮೇಲೂ ಮುಗಿದಿಲ್ಲ, ಅದು ಬೇರೆ.

ನಮ್ಮ ಕಡೆ ಕಣ್ಣಿಲ್ಲದ ಹುಡುಗನನ್ನು ಕಂಡರೆ ಎಲ್ಲರೂ ಹೇಳುವುದು ಒಂದೇ: "ಗದಗಿಗೆ ಕಳಸ್ರಿ, ಹಾಡಿಕಿ ಕಲೀಲಿ." ತಪ್ಪಿಲ್ಲ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅದೇ ತಾಲ್ಲೂಕಿನವರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಎಷ್ಟು ಮಕ್ಕಳಿಗೆ ಅನ್ನ, ವಿದ್ಯೆ ಕೊಟ್ಟಿದೆಯೆಂದು ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಆದರೆ ನಾನು ಹಾಡಿದರೆ ನಮ್ಮನೆಯ ಎಮ್ಮೆ ಹಗ್ಗ ಹರಿಯುತ್ತದೆ. ಹಾಡಲು ಬಾರದ, ಅರ್ಧ ಕಾಣುವ, ಇನ್ನರ್ಧ ಕಾಣದ ನನ್ನಂಥವರಿಗೆ ಊರಿನಲ್ಲಿ ಸಿದ್ಧ ಜಾಗ ಇಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ನೋಟದ ಹರವು 40 ಡಿಗ್ರಿಗಿಂತ ಕಡಿಮೆ ಇರುವವರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ನಮ್ಮನೆಯಲ್ಲಿ ಆ ಕಾಗದ ಬೀರುವಿನಲ್ಲಿ, ಸೀರೆಗಳ ಕೆಳಗಿದೆ.

ಐದೂವರೆಯ ಹೊತ್ತಿಗೆ ಅವ್ವ ಎಂದಿನಂತೆ, "ನಡೀರಿ, ಹೊತ್ತಾತು" ಅಂದಳು. ನಮ್ಮ ಮನೆಯವರು ಮದುವೆಗೆ ಹೋಗಲಿ, ಜಾತ್ರೆಗೆ ಹೋಗಲಿ, ತೇರು ಎಳೆಯುವ ಮುಂಚೆ ಎದ್ದು ಬರುವವರು. ತಂಗಿ ಏಳಲಿಲ್ಲ. "ಅಣ್ಣಾ, ಬ್ಯಾಗಿನಾಗಿಂದು ತಗೀ" ಅಂದಳು.

ಬ್ಯಾಗಿನಲ್ಲಿ ಮಡಿಚಿದ ಬಿಳಿ ಕೋಲು ಇತ್ತು. ಹುಬ್ಬಳ್ಳಿಯಲ್ಲಿ ಒಬ್ಬ ಮೇಷ್ಟ್ರ ಹತ್ತಿರ ಗುಟ್ಟಾಗಿ ಕಲಿತಿದ್ದೆ, ಊರ ಕಡೆ ಒಮ್ಮೆಯೂ ತೆಗೆದಿರಲಿಲ್ಲ. ಈ ಕೋಲನ್ನು ಮುಂದೆ ಅರ್ಧಚಂದ್ರದಂತೆ ಆಡಿಸುತ್ತಾ ನಡೆಯುವ ವಿದ್ಯೆ ಹುಟ್ಟಿದ್ದೂ ಯುದ್ಧದಿಂದಲೇ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳಕೊಂಡ ಹುಡುಗರು ಅಮೆರಿಕದ ವ್ಯಾಲಿ ಫೋರ್ಜ್ ಸೈನಿಕ ಆಸ್ಪತ್ರೆಗೆ ಬಂದಾಗ, 1944ರ ಸುಮಾರಿಗೆ, ರಿಚರ್ಡ್ ಹೂವರ್ ಎಂಬಾತ ಉದ್ದನೆಯ ಹಗುರ ಕೋಲು ಮಾಡಿಸಿ ಈ ಕ್ರಮ ರೂಪಿಸಿದ. ನಮ್ಮ ದೇಶದಲ್ಲೂ ಹಾಗೇ. ಡೆಹ್ರಾಡೂನಿನ ರಾಷ್ಟ್ರೀಯ ದೃಷ್ಟಿ ಸಂಸ್ಥೆಯ ಮೂಲ ಹುಡುಕಿದರೆ 1943ರಲ್ಲಿ ಯುದ್ಧದಲ್ಲಿ ಕುರುಡರಾದ ಸೈನಿಕರಿಗೆಂದು ತೆರೆದ ಸೇಂಟ್ ಡನ್‌ಸ್ಟನ್ಸ್ ಹಾಸ್ಟೆಲಿಗೆ ಹೋಗಿ ಮುಟ್ಟುತ್ತೇವೆ. ಮೇಷ್ಟ್ರು ಇದನ್ನು ಹೇಳಿದಾಗ ನನಗೆ ಮಫ್ಲರ್ ನೆನಪಾಗಿತ್ತು.

ಕೋಲು ಬಿಡಿಸಿದೆ. ಟಕ್ ಟಕ್ ಎಂದು ನಾಲ್ಕು ತುಂಡು ಕೂಡಿಕೊಂಡವು. ಅವ್ವ ಸುತ್ತ ನೋಡಿದಳು. ನೋಡುತ್ತಿದ್ದವರಲ್ಲಿ ಅರ್ಧ ಮಂದಿ ಸಿಮೆಂಟಿನವರು. ಸೂರ್ಯ ಇಳಿಯುತ್ತಿದ್ದ, ಮೂರ್ತಿಗಳ ಬಣ್ಣ ನನಗೆ ಒಂದೊಂದಾಗಿ ಆರುತ್ತಿತ್ತು, ಕೆಂಪು ಸೀರೆ ಮೊದಲು ಹೋಯಿತು. ಕೋಲಿನ ತುದಿಗೆ ದಾರಿಯ ಅಂಚು ಸಿಕ್ಕಿತು, ಅದರ ಗುಂಟ ನಡೆದೆ. ಯಾರಿಗೂ ಬಡಿಯಲಿಲ್ಲ. ಬೇಕಂತಲೇ ಮೀಸೆ ಕಾಕಾನ ಹತ್ತಿರ ನಿಂತು ಕಾಲು ತಟ್ಟಿ ನೋಡಿದೆ.

ಬಸ್ಸಿಗೆ ನಿಂತಾಗ ನಮ್ಮ ಪಕ್ಕದ ಊರಿನ ಹೆಂಗಸೊಬ್ಬರು ಗುರುತು ಹಿಡಿದು ಮಾತಿಗೆ ಬಂದರು. "ಹುಡುಗಗ ಏನಾತ್ರಿ, ಕೋಲು ಹಿಡಿದಾನ?" ಅಂದರು. ಅವ್ವ ತಡವರಿಸದೆ, "ಕಾಲು ಉಳುಕೈತ್ರಿ" ಅಂದಳು. ತಂಗಿ ನನ್ನ ಕೈ ಚಿವುಟಿದಳು. ಅವಳು ಅಲ್ಲೇ ಉಳಿದಳು, ನಾವಿಬ್ಬರು ಹತ್ತಿದೆವು.

ಬಸ್ಸಿನೊಳಗೆ ದೀಪ ಮಂದ. ಕೋಲಿನಿಂದ ಸೀಟು ಹುಡುಕಿ ಕೂತೆ. ಕಂಡಕ್ಟರ್ ಬಂದು ಅವ್ವನಿಗೆ ಶೂನ್ಯ ಟಿಕೆಟ್ ಹರಿದ, ಕೋಲು ನೋಡಿ ನನ್ನನ್ನು ಕೇಳಿದ, "ಪಾಸ್ ಐತೇನ್ರಿ?"

"ಇಲ್ರೀ, ಇನ್ನ ಮಾಡ್ಸಿಲ್ಲ" ಅಂದು ದುಡ್ಡು ಕೊಟ್ಟೆ.

ಶಿಗ್ಗಾಂವಿ ಬರುವತನಕ ಅವ್ವ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೂತಿದ್ದಳು. ಇಳಿಯುವಾಗ ಬಾಗಿಲಲ್ಲಿ ನಿಂತು ಕಂಡಕ್ಟರನನ್ನು ಕೇಳಿದಳು.

"ತಮ್ಮಾ, ಆ ಪಾಸ್ ಎಲ್ಲಿ ಮಾಡಸ್ಬೇಕಪಾ?"